ಅಳಿಸಿಹಾಕಿದ ಎಂಬತ್ತೇಳು ಸಾಲುಗಳು

2022ರ ಜುಲೈ ಹೊತ್ತಿಗೆ ನಾನು ನಾಸಿಕ್‌ನ ಇಂದಿರಾನಗರದ ನಮ್ಮ ಫ್ಲ್ಯಾಟಿನಲ್ಲಿ ಕೂತು ಸಂಶೋಧನಾ ವಿದ್ಯಾರ್ಥಿಗಳಿಗೆ ಅಂಕಿ-ಅಂಶ ಒದಗಿಸುವ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು ಮೂವತ್ತೆರಡು ವರ್ಷ ಕೇಂದ್ರ ಸರ್ಕಾರದ ಸಾಂಖ್ಯಿಕ ವಿಭಾಗದಲ್ಲಿದ್ದೆ. ಗದಗಿನಿಂದ ಹೊರಟವಳು ಸೊಲ್ಲಾಪುರ, ನಾಗಪುರ ಸುತ್ತಿ ಕಡೆಗೆ ನಾಸಿಕ್‌ನಲ್ಲೇ ಹಿರಿಯ ಸಾಂಖ್ಯಿಕ ಅಧಿಕಾರಿಯಾಗಿ ನಿವೃತ್ತಳಾದೆ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಪಿಎಚ್‌ಡಿ ಮಾಡುವವರಿಗೆ ಹಳೆಯ ದಾಖಲೆಗಳಿಂದ ಅಂಕಿಗಳನ್ನು ತೆಗೆದು, ಸ್ಪ್ರೆಡ್‌ಶೀಟಿನಲ್ಲಿ ಜೋಡಿಸಿ ಕೊಡುತ್ತಿದ್ದೆ. ಹುಡುಗರು ಹುಡುಗಿಯರು ಒಬ್ಬರಿಂದ ಒಬ್ಬರು ಕೇಳಿಕೊಂಡು ಬರುತ್ತಿದ್ದರು.

ಹಾಗೆ ಬಂದವಳು ಅಶ್ವಿನಿ. ವಿಜಯಪುರ ಕಡೆಯ ಬ್ಯಾಂಕ್ ಗುಮಾಸ್ತರೊಬ್ಬರ ಮಗಳು. ತಂದೆಗೆ ವರ್ಗವಾಗಿ ಔರಂಗಾಬಾದಿಗೆ ಬಂದಾಗ ಅವಳಿಗೆ ಮೂರು ವರ್ಷವಂತೆ. ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದಾದದ್ದು ನಾನು ಹೇಳುತ್ತಿರುವ ಈ ಕೆಲಸದ ನಡುವೆಯೇ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಮಾತ್ರ ಅರ್ಧ ಮರಾಠಿ. ನನ್ನನ್ನು ಮೊದಲ ದಿನವೇ ಮಾವಶಿ ಎಂದಳು, ಅಂದರೆ ಚಿಕ್ಕಮ್ಮ. ಮೂವತ್ತೊಂದು ವರ್ಷ ವಯಸ್ಸು. ಅಲ್ಲಿನ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಸಂಬಳಕ್ಕೆ ಪಾಠ ಮಾಡುತ್ತಿದ್ದಳು. ಪಿಎಚ್‌ಡಿ ಮುಗಿದರೆ ಅದೇ ಕಾಲೇಜಿನಲ್ಲಿ ಕಾಯಂ ಹುದ್ದೆಯ ಸಂದರ್ಶನಕ್ಕೆ ಕೂರಬಹುದಿತ್ತು.

ಅವಳ ವಿಷಯ ಸರಳವಾಗಿತ್ತು. ತೊಂಬತ್ತರ ದಶಕದಲ್ಲಿ ಶೇರು ಮಾರುಕಟ್ಟೆಗೆ ಬಂದ ಸಣ್ಣ ಕಂಪನಿಗಳಲ್ಲಿ ಹಣ ಹಾಕಿ, ಮಾರದೆ ಇಟ್ಟುಕೊಂಡವರಿಗೆ ಇಪ್ಪತ್ತೈದು ವರ್ಷಗಳಲ್ಲಿ ಏನು ಸಿಕ್ಕಿತು? ಹಳೆಯ ವಾರ್ಷಿಕ ಕೈಪಿಡಿಯೊಂದರಿಂದ ಇನ್ನೂರ ನಲವತ್ತು ಕಂಪನಿಗಳನ್ನು ಆರಿಸಿ, ನೀಟಾಗಿ ಬರೆದುಕೊಂಡು ತಂದಿದ್ದಳು. ಪ್ರತಿಯೊಂದರ ಪ್ರತಿ ತಿಂಗಳ ಕೊನೆಯ ದಿನದ ಬೆಲೆ ಬೇಕಿತ್ತು.

ಈ ಕೆಲಸ ಹೇಗೆಂದು ತಿಳಿಯದವರಿಗಾಗಿ ಎರಡು ಮಾತು. ಮಾರುಕಟ್ಟೆಯಲ್ಲಿ ಪ್ರತಿ ಕಂಪನಿಗೂ ಒಂದು ಸಂಕೇತ ಇರುತ್ತದೆ. ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಆ ಸಂಕೇತ, ಆರಂಭದ ದಿನಾಂಕ, ಕೊನೆಯ ದಿನಾಂಕ ಕೊಟ್ಟು ಸೂತ್ರ ಬರೆದರೆ, ಅಂತರ್ಜಾಲದ ಸಂಗ್ರಹದಿಂದ ಹಳೆಯ ಬೆಲೆಗಳು ತಾವಾಗಿ ಬಂದು ಸಾಲಾಗಿ ನಿಲ್ಲುತ್ತವೆ. ನೋಡಲು ಮಂತ್ರದಂತೆ ಕಾಣುತ್ತದೆ, ಆದರೆ ಅದರ ಮೇಲೆ ಕಾವಲು ಬೇಕು. ಒಂದು ಶೇರನ್ನು ಹತ್ತಾಗಿ ಒಡೆದರೆ ಬೆಲೆ ಒಂದೇ ದಿನದಲ್ಲಿ ಹತ್ತನೇ ಒಂದಕ್ಕೆ ಇಳಿದಂತೆ ತೋರುತ್ತದೆ, ಅಸಲಿಗೆ ಯಾರೂ ಏನೂ ಕಳೆದುಕೊಂಡಿರುವುದಿಲ್ಲ. ಅಂಥವನ್ನೆಲ್ಲ ಒಂದೊಂದಾಗಿ ತಿದ್ದಬೇಕು. ನಾನು ತಿದ್ದಿದೆ. ಎರಡು ತಿಂಗಳು ಹಿಡಿಯಿತು.

ಇನ್ನೂರ ನಲವತ್ತರಲ್ಲಿ ಎಂಬತ್ತೇಳು ಸಂಕೇತಗಳಿಗೆ ಏನೂ ಬರಲಿಲ್ಲ. ಮಾಹಿತಿ ಲಭ್ಯವಿಲ್ಲ ಎಂಬ ಸೂಚನೆಯಷ್ಟೇ ಕೋಶಗಳ ತುಂಬ. ಆ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ ಅಶ್ವಿನಿಯ ಗೈಡ್‌ಗೆ, ಅಂದರೆ ಅವಳ ಮಾರ್ಗದರ್ಶಕ ಪ್ರೊಫೆಸರರಿಗೆ, ಕಳಿಸಿದೆ. ಅವಳಿಗೆ ಅಪೂರ್ಣ ಕೆಲಸ ತೋರಿಸುವುದು ಬೇಡವೆಂದು ಮೊದಲು ಅವರಿಗೇ ಕಳಿಸುವುದು ರೂಢಿಯಾಗಿತ್ತು. ಅದೇ ಸಂಜೆ ಅವರ ಫೋನ್ ಬಂತು. ಹರಕು ಹಾಳೆ ಕೊಟ್ಟರೆ ಏನು ಮಾಡಲಿ, ಖಾಲಿ ಸಾಲುಗಳನ್ನು ತೆಗೆದು ಕ್ಲೀನ್ ಡೇಟಾ ಕೊಡಿ ಎಂದರು. ಆ ವರ್ಷ ಅವರ ಆರು ವಿದ್ಯಾರ್ಥಿಗಳ ಕೆಲಸ ನನ್ನ ಕೈಯಲ್ಲಿತ್ತು. ಮೂವತ್ತೆರಡು ವರ್ಷ ಸರ್ಕಾರಿ ಸಮೀಕ್ಷೆಗಳಲ್ಲಿ, ಉತ್ತರ ಕೊಡದ ಮನೆಗಳನ್ನು ಬಿಡಬೇಡಿ, ಯಾಕೆ ಕೊಡಲಿಲ್ಲವೆಂದು ಬರೆಯಿರಿ ಎಂದು ಕಿರಿಯರಿಗೆ ಹೇಳುತ್ತ ಬಂದವಳು ನಾನು. ಆ ಸಂಜೆ ಎಂಬತ್ತೇಳು ಸಾಲು ಆಯ್ದು ಅಳಿಸಿದೆ. ಅಶ್ವಿನಿಗೆ ಹೋದದ್ದು ನೂರ ಐವತ್ತಮೂರು ಕಂಪನಿಗಳ ಹಾಳೆ. ಉಳಿದವುಗಳ ಮಾಹಿತಿ ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಹಳೇ ಕಾಗದಪತ್ರ ಕಳೆದಿರಬೇಕು ಎಂದುಕೊಂಡಳು, ನಾನೂ ಹೆಚ್ಚು ವಿವರಿಸಲಿಲ್ಲ.

ಫಲಿತಾಂಶ ಸೊಗಸಾಗಿ ಬಂತು. ತಾಳ್ಮೆಯಿಂದ ಇಟ್ಟುಕೊಂಡವರಿಗೆ ಬ್ಯಾಂಕಿನ ಠೇವಣಿಗಿಂತ ಎಷ್ಟೋ ಪಾಲು ಹೆಚ್ಚು. ಪ್ರಬಂಧ ಸಲ್ಲಿಕೆಯಾಗುವ ಮೊದಲೇ ಗೈಡ್ ಅದರ ಮೇಲೊಂದು ಲೇಖನ ಪ್ರಕಟಿಸಿದರು. ಆಮೇಲೆ ಊರೂರಿನ ಸಭೆಗಳಲ್ಲಿ ಹೂಡಿಕೆಯ ಬಗ್ಗೆ ಉಪನ್ಯಾಸ ಕೊಡತೊಡಗಿದರು. ಕೇಳಲು ಬರುತ್ತಿದ್ದವರು ಹೆಚ್ಚಾಗಿ ಕಾರ್ಖಾನೆಗಳಿಂದ ನಿವೃತ್ತರಾದವರು, ಸಣ್ಣ ಅಂಗಡಿಯವರು.

ಅಂಥದೊಂದು ಸಭೆ ನಾಸಿಕ್‌ನಲ್ಲೂ ಆಗಿತ್ತೆಂದು ನನಗೆ ತಿಳಿದದ್ದು 2024ರ ಜನವರಿಯಲ್ಲಿ, ಸುಬ್ರಾಯ ಹೊಳ್ಳರಿಂದ. ಹೊಳ್ಳರು ಕುಂದಾಪುರ ಸೀಮೆಯವರು. ಪಂಚವಟಿಯಲ್ಲಿ ನದಿಗೆ ಇಳಿಯುವ ಓಣಿಯೊಂದರಲ್ಲಿ ನಲವತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸಿದವರು. ನಾನೂ ನನ್ನ ಯಜಮಾನರೂ ಭಾನುವಾರ ಅಲ್ಲಿಗೇ ಹೋಗುತ್ತಿದ್ದೆವು. ಆ ದಿನ ಅವರು ಗಲ್ಲಾ ಬಿಟ್ಟು ಬಂದು ನಮ್ಮ ಮೇಜಿನಲ್ಲಿ ಕೂತು, ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ಹಳೆಯ ಶೇರು ಪತ್ರ ತೆಗೆದರು. ಬಣ್ಣ ತಯಾರಿಸುವ ಕಂಪನಿಯೊಂದರವು, 1994ರಲ್ಲಿ ಕೊಂಡದ್ದು. ಟ್ರಂಕಿನಲ್ಲಿ ಮರೆತೇ ಹೋಗಿದ್ದವಂತೆ. ಸಭೆಯಲ್ಲಿ ಪ್ರೊಫೆಸರರು ದೊಡ್ಡ ಪರದೆಯ ಮೇಲೆ ಪಟ್ಟಿ ತೋರಿಸಿದ ಮೇಲೆ ನೆನಪಾಯಿತಂತೆ.

"ಅಮ್ಮಾ, ಇದರ ರೇಟು ಈಗ ಎಷ್ಟಿತ್ತ್ ಕಾಣಿ" ಎಂದರು.

ಕಂಪನಿಯ ಹೆಸರು ಓದಿದೊಡನೆ ಎಲ್ಲೋ ನೋಡಿದ ಹಾಗೆನಿಸಿತು. ಮನೆಗೆ ಬಂದು ಅಶ್ವಿನಿಯ ಹಾಳೆ ತೆರೆದೆ, ಅದರಲ್ಲಿರಲಿಲ್ಲ. ಅವಳು ಮೊದಲು ತಂದಿದ್ದ ಪಟ್ಟಿ ಹುಡುಕಿದೆ. ನೂರ ಹನ್ನೊಂದನೇ ಸಾಲು, ನಾನು ಅಳಿಸಿದ ಎಂಬತ್ತೇಳರಲ್ಲಿ ಒಂದು. ಕಂಪನಿಗಳ ಸರ್ಕಾರಿ ದಾಖಲೆಯಲ್ಲಿ ನೋಡಿದರೆ 2005ರಲ್ಲೇ ಮುಚ್ಚಿದೆ, ಹೆಸರನ್ನು ನೋಂದಣಿಯಿಂದ ತೆಗೆದುಹಾಕಿದೆ. ಸೂತ್ರಕ್ಕೆ ಉತ್ತರ ಬಾರದೆ ಇದ್ದದ್ದು ಕಾಗದ ಕಳೆದದ್ದರಿಂದಲ್ಲ. ಕಂಪನಿಯೇ ಇರಲಿಲ್ಲ. ಬದುಕಿದವರನ್ನು ಮಾತ್ರ ಎಣಿಸಿ, ಯಾರೂ ಸಾಯುವುದಿಲ್ಲ ಎಂದು ನಾವು ಬರೆದಿದ್ದೆವು.

ಮರುದಿನ ಹೋಟೆಲಿಗೆ ಹೋಗಿ, ಈ ಕಂಪನಿ ಈಗ ಇಲ್ರಿ ಹೊಳ್ಳರ, ಮುಚ್ಚಿ ಬಾಳ ವರ್ಷ ಆತು ಎಂದೆ. ಹೆಸರು ಬದಲಾಗಿರಬಹುದಲ್ಲ, ಬೇರೆ ಕಂಪನಿಯ ಜತೆ ಸೇರಿರಬಹುದಲ್ಲ ಎಂದು ಅವರು ಎರಡು ಮೂರು ರೀತಿಯಲ್ಲಿ ಕೇಳಿದರು. ಇಲ್ಲ ಎಂದೆ. ಪತ್ರಗಳನ್ನು ಅಂಚು ಸರಿಮಾಡಿ ಚೀಲಕ್ಕೆ ಹಾಕಿದರು.

"ಹಂಗಾರೆ ಆ ಪ್ರೊಫೆಸರ್ರು ತೋರ್ಸಿದ್ದ್ ಯಾರ್ ಕಂಪ್ನಿ, ಅಮ್ಮಾ?"

ಆಮೇಲೆ ತಿಳಿಯಿತು, ಮಾರ್ಚಿಗೆ ಜಾಗ ಬಿಡುವುದಾಗಿ ಅವರು ಕಟ್ಟಡದ ಮಾಲೀಕನಿಗೆ ಆಗಲೇ ಬರೆದುಕೊಟ್ಟಿದ್ದರು. ಮೊಣಕಾಲು ಸೋತಿತ್ತು, ಶೇರು ಮಾರಿ ಊರು ಸೇರೋಣವೆಂದಿದ್ದರು. ಮಾಲೀಕ ಆ ಜಾಗವನ್ನು ಒಂದು ಮೊಬೈಲ್ ಅಂಗಡಿಗೆ ಕೊಟ್ಟಾಗಿತ್ತು. ಎಪ್ಪತ್ತರ ಹತ್ತಿರದ ಹೊಳ್ಳರು ಆ ಏಪ್ರಿಲಿನಿಂದ ತ್ರ್ಯಂಬಕೇಶ್ವರದ ಒಂದು ಲಾಡ್ಜಿನ ಅಡುಗೆಮನೆಯಲ್ಲಿ ಮೇಲ್ವಿಚಾರಕರಾಗಿ ಸಂಬಳಕ್ಕೆ ನಿಂತರು.

ಅಶ್ವಿನಿಗೆ ಕೂಡಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಪೂರ್ತಿ ಖಚಿತವಾಗಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಮೂರು ವಾರ ಕೂತು ಎಂಬತ್ತೇಳು ಕಂಪನಿಗಳನ್ನು ಒಂದೊಂದಾಗಿ ಹುಡುಕಿದೆ. ವಾಚನಾಲಯದ ಹಳೆಯ ಪತ್ರಿಕೆಗಳ ಶೇರು ಪುಟ, ಕಂಪನಿ ಮುಚ್ಚುವ ಸಮಾಪನೆಯ ನೋಟೀಸು, ಮಾರುಕಟ್ಟೆಯಿಂದ ತೆಗೆದುಹಾಕಿದ ಕಂಪನಿಗಳ ಪಟ್ಟಿ, ಎಲ್ಲ ತಡಕಾಡಿದೆ. ಎಪ್ಪತ್ತೊಂದರ ಕೊನೆಯ ಬೆಲೆ, ವ್ಯವಹಾರ ನಿಂತ ತಿಂಗಳು ಸಿಕ್ಕಿತು. ಹದಿನಾರರ ಸುಳಿವೇ ಇಲ್ಲ. ಅವನ್ನು ಖಾಲಿಯಾಗಿಯೇ ಇಟ್ಟು, ಖಾಲಿ ಯಾಕೆಂದು ಪಕ್ಕದಲ್ಲಿ ಬರೆದೆ. ಹೊಸ ಹಾಳೆಯ ಮೇಲೆ ಲೆಕ್ಕ ಓಡಿಸಿದಾಗ ಪ್ರಬಂಧದ ಮುಖ್ಯ ಮಾತೇ ಉಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಕಂಪನಿಗಳಲ್ಲಿ ಹಾಕಿದಷ್ಟೂ ಮರಳಿರಲಿಲ್ಲ.

ಆ ಹಾಳೆ ಹಿಡಿದು ಸಂಭಾಜಿನಗರದ ಬಸ್ಸು ಹತ್ತಿದಾಗ ಅಶ್ವಿನಿಯ ಮೌಖಿಕ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ದಾರಿಯ ನಡುವಿನ ಯೇವಲಾ ಊರು ದಾಟುವವರೆಗೂ ಹೇಗೆ ಆರಂಭಿಸಲಿ ಎಂದು ವಾಕ್ಯ ಕಟ್ಟುತ್ತಿದ್ದೆ. ಸಿಡ್ಕೊ ಬಡಾವಣೆಯಲ್ಲಿ ಅವರ ಮನೆ. ಅವಳ ತಾಯಿ ಚಹಾದ ಜತೆ ಚಿವಡಾ ಇಟ್ಟು, ಪರೀಕ್ಷೆಯ ದಿನಕ್ಕೆಂದು ತಂದಿದ್ದ ಸೀರೆ ತೋರಿಸಿದರು. ಅವರು ಒಳಗೆ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ. ಅಶ್ವಿನಿ ಬುದ್ಧಿವಂತೆ, ವಿವರಿಸಬೇಕಾಗಲಿಲ್ಲ. ಬಹಳ ಹೊತ್ತು ನೋಡಿದಳು.

"ಮಾವಶಿ, ಈ ಸಾಲು ಡಿಲೀಟ್ ಮಾಡಿದ್ದು ಯಾರು?"

"ನಾನ ಮಾಡೇನವಾ."

"ಕೋಣಿ ಸಾಂಗಿತಲಂ? ಯಾರು ಹೇಳಿದ್ರು?"

"ನಿಮ್ಮ ಸರ್."

ಅವರು ನನಗೆ ಮಾಡಿದ ಆ ಫೋನಿನ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಮರುದಿನ ಇಬ್ಬರೂ ಗೈಡ್‌ರನ್ನು ಕಂಡೆವು. ಅವರು ಸಿಟ್ಟಾಗಲಿಲ್ಲ. ಎಲ್ಲ ಅಧ್ಯಯನಕ್ಕೂ ಮಿತಿ ಇರುತ್ತದೆ, ಮಿತಿಗಳ ಪುಟದಲ್ಲಿ ಒಂದು ವಾಕ್ಯ ಇದೆ, ಪರೀಕ್ಷಕರು ಕೇಳಿದರೆ ಅದನ್ನೇ ಹೇಳು, ಕೇಳದಿದ್ದರೆ ಸುಮ್ಮನಿರು ಎಂದು ಮರಾಠಿಯಲ್ಲಿ ಶಾಂತವಾಗಿ ಹೇಳಿದರು. ಖಾಲಿ ಸಾಲು ತೆಗೆಯಲು ನೀವೇ ಹೇಳಿದ್ದಿರಲ್ಲ ಎಂದು ನಾನು ಕೇಳಿದಾಗ, ಅಂಥ ಫೋನು ತಮಗೆ ನೆನಪಿಲ್ಲ ಎಂದರು. ಅಂಕಿ ತುಂಬುವವರು ಅಂಕಿ ತುಂಬಬೇಕು, ಪ್ರಬಂಧ ಬರೆಯುವುದು ಬೇರೆಯವರ ಕೆಲಸ ಎಂದು ಸೇರಿಸಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅಶ್ವಿನಿ ಒಂದೇ ಕೇಳಿದಳು. ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕೊಡಬೇಕು, ತಾನು ಅದನ್ನು ಪರೀಕ್ಷಕರ ಮುಂದೆ ಇಡುತ್ತೇನೆ ಎಂದಳು.

ಬರೆದುಕೊಟ್ಟೆ. ಎಷ್ಟು ಸಾಲು ಅಳಿಸಿದೆ, ಯಾವಾಗ, ಈಗ ಏನೇನು ಸಿಕ್ಕಿದೆ, ಎಲ್ಲ ಇತ್ತು. ಗೈಡ್ ಹೇಳಿದ್ದರಿಂದ ಅಳಿಸಿದೆ ಎಂಬ ವಾಕ್ಯ ಮಾತ್ರ ಇರಲಿಲ್ಲ. ಒಮ್ಮೆ ಬರೆದಿದ್ದೆ, ಆಮೇಲೆ ತೆಗೆದೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿ, ಈ ವಯಸ್ಸಿನಲ್ಲಿ ವಕೀಲರ ನೋಟೀಸು ಬಂದರೆ ಏನು ಮಾಡಲಿ ಎಂಬ ಭಯ. ಅವರ ಕಡೆಯಿಂದ ಬರುವ ಕೆಲಸ ನಿಂತೀತು ಎಂಬುದೂ ಮನಸ್ಸಿನಲ್ಲಿತ್ತು, ಸುಳ್ಳು ಹೇಳಲಾರೆ. ಅಶ್ವಿನಿ ಪತ್ರ ಓದಿದಳು. ಆ ವಾಕ್ಯ ಇಲ್ಲದ್ದನ್ನು ಗಮನಿಸಿದಳೆಂದು ಅವಳ ಮುಖದಿಂದಲೇ ತಿಳಿಯಿತು. ಮಡಿಸಿ ಫೈಲಿನಲ್ಲಿ ಇಟ್ಟುಕೊಂಡಳು.

ಪರೀಕ್ಷೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಆ ಪ್ರಶ್ನೆ ಕೇಳಲೇ ಇಲ್ಲ. ಅವಳು ಸುಮ್ಮನಿದ್ದರೆ ಆ ಸಂಜೆಯೇ ಡಾಕ್ಟರ್ ಆಗುತ್ತಿದ್ದಳು. ಕೊನೆಯಲ್ಲಿ, ನೀವು ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅವಳು ಎದ್ದು ನಿಂತು, ನನ್ನ ಪ್ರಬಂಧದ ತೀರ್ಮಾನ ತಪ್ಪು ಎಂದಳು. ಹೊಸ ಹಾಳೆಯನ್ನೂ ನನ್ನ ಪತ್ರವನ್ನೂ ಮೇಜಿನ ಮೇಲಿಟ್ಟಳು. ಪರೀಕ್ಷಕರು ಅವಳ ಪ್ರಾಮಾಣಿಕತೆಯನ್ನು ಹೊಗಳಿದರು. ಹೊಗಳಿ, ಈ ಪ್ರಬಂಧವನ್ನು ಅಂಗೀಕರಿಸಲಾಗದು ಎಂದರು. ಅಳಿಸಿದ್ದು ಯಾರ ಸೂಚನೆಯ ಮೇರೆಗೆ ಎಂದು ಒಬ್ಬರು ಪತ್ರದಲ್ಲಿ ಹುಡುಕಿದರು. ಇರಲಿಲ್ಲ. ಅಶ್ವಿನಿ ಹಿಂದೆ ತಿರುಗಿ ನನ್ನ ಕಡೆ ನೋಡಿದಳು. ನಾನು ಏಳಲಿಲ್ಲ. ಸಂಶೋಧನಾ ವಿದ್ಯಾರ್ಥಿನಿಯ ನಿರ್ಲಕ್ಷ್ಯ ಎಂದು ವರದಿಯಲ್ಲಿ ದಾಖಲಾಯಿತು.

ತಿಂಗಳೊಳಗೆ ಗೈಡ್ ತಾವು ಇನ್ನು ಮಾರ್ಗದರ್ಶನ ಮಾಡುವುದಿಲ್ಲ ಎಂದು ಬರೆದುಕೊಟ್ಟರು. ಬೇರೆ ಯಾರೂ ಅವಳನ್ನು ತೆಗೆದುಕೊಳ್ಳಲಿಲ್ಲ. ನೋಂದಣಿಯ ಅವಧಿ ಮುಗಿಯಿತು, ಕಾಯಂ ಹುದ್ದೆ ಇನ್ನೊಬ್ಬರಿಗೆ ಹೋಯಿತು, ಮುಂದಿನ ವರ್ಷ ತಾಸಿನ ಪಾಠಕ್ಕೂ ಕರೆಯಲಿಲ್ಲ. ಗೈಡ್ ಅವರ ಲೇಖನ ಇವತ್ತಿಗೂ ಅಂತರ್ಜಾಲದಲ್ಲಿ ಹಾಗೆಯೇ ಇದೆ.

ಆ ವಾಕ್ಯವನ್ನು ನಾನು ಕಡೆಗೂ ಬರೆದೆ, ಹದಿಮೂರು ತಿಂಗಳ ನಂತರ, 2025ರ ಮಾರ್ಚಿನಲ್ಲಿ. ಯಾವ ಸಂಜೆ ಫೋನು ಬಂತು, ಏನು ಹೇಳಿದರು, ನಾನು ಯಾಕೆ ಬಾಯಿ ಮುಚ್ಚಿಕೊಂಡೆ, ಎರಡು ಪುಟ ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಪ್ರಕರಣ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು.

ನಾನು ಬರೆದ ಆ ಎರಡು ಪುಟದ ಪ್ರತಿ ತೆಗೆದುಕೊಂಡು ಯೇವಲಾಕ್ಕೆ ಹೋದೆ. ಅಶ್ವಿನಿ ಈಗ ಅಲ್ಲಿನ ಪೈಠಣಿ ಸೀರೆಯ ದೊಡ್ಡ ಮಳಿಗೆಯೊಂದರಲ್ಲಿದ್ದಾಳೆ. ಸೀರೆಗಳ ಫೋಟೋ ತೆಗೆದು, ಬಣ್ಣ, ಅಂಚು, ನೇಯ್ದ ದಿನಗಳನ್ನು ಬರೆದು ಜಾಲತಾಣಕ್ಕೆ ಏರಿಸುವ ಕೆಲಸ. ನನ್ನನ್ನು ಕಂಡು ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಹೊಲಿಗೆ ಯಂತ್ರಗಳ ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಟ್ಟಳು. ಎರಡು ಪುಟವನ್ನೂ ನಿಧಾನವಾಗಿ ಓದಿದಳು.

"ಬರೋಬರ್ ಬರೆದೀರಿ" ಎಂದಳು. ಸ್ವಲ್ಪ ಬಿಟ್ಟು, "ಆವಾಗ ಬೇಕಿತ್ತು, ಮಾವಶಿ."

ಒಳಗಿನಿಂದ ಯಾರೋ ಕರೆದರು, ಎದ್ದು ಹೋದಳು. ಕಾಗದ ಸ್ಟೂಲಿನ ಮೇಲೆ ಬಿಟ್ಟಿದ್ದಳು. ನಾನೇ ತೆಗೆದುಕೊಂಡು ಬಂದೆ.

ಈಗಲೂ ಕೆಲವರು ಅಂಕಿ-ಅಂಶಕ್ಕಾಗಿ ಬರುತ್ತಾರೆ. ಖಾಲಿ ಕೋಶ ಕಂಡರೆ ಅಳಿಸಬೇಡಿ, ಅದು ಯಾಕೆ ಖಾಲಿ ಎಂದು ಮೊದಲು ವಿಚಾರಿಸಿ, ತೆಗೆಯಿರೆಂದು ಯಾರಾದರೂ ಹೇಳಿದರೆ ಹೇಳಿದವರ ಹೆಸರನ್ನು ಅದೇ ದಿನ ಬರೆದಿಡಿ ಎಂದು ಅವರಿಗೆ ಹೇಳುತ್ತೇನೆ. ಬರೆದುಕೊಳ್ಳುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ ಅಲ್ಲ, ಆದರೆ ಉಳಿದದ್ದನ್ನು ಅವರಿಗೆ ಹೇಳಲು ಬಾಯಿ ಬರುವುದಿಲ್ಲ. ಹಾಳೆಯಲ್ಲಿ ಆದ ತಪ್ಪನ್ನು ಮೂರು ವಾರದಲ್ಲಿ ತಿದ್ದಿದೆ. ಸಭಾಗೃಹದಲ್ಲಿ ಆ ಹುಡುಗಿ ತಿರುಗಿ ನೋಡಿದಾಗ ಎದ್ದು ನಿಲ್ಲಲು ಅರ್ಧ ನಿಮಿಷ ಸಾಕಿತ್ತು, ನಾನು ಏಳಲಿಲ್ಲ. ಅದನ್ನು ತಿದ್ದುವ ಸೂತ್ರ ಯಾವುದೂ ನನಗೆ ಗೊತ್ತಿಲ್ಲ.