ಬಲಗಡೆ ಹಿಡಿಕೆಯ ರೀಲು

ಗಾಳದ ಸಾಮಾನು ಮಾರುವ ಆ ಅಂಗಡಿ ಮಡಿವಾಳ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಒಂದು ಲಾಡ್ಜಿನ ಕೆಳಗಡೆ ಇದೆ. ನಿವೃತ್ತನಾದ ಆರನೇ ತಿಂಗಳಿಗೆ ಅಲ್ಲಿಗೆ ಹೋಗಿ, ಗಾಳದ ರಾಡಿಗೆ ಕೂರಿಸುವ, ದಾರ ಸುತ್ತುವ ಬೇಟ್‌ಕಾಸ್ಟರ್ ರೀಲು ಬೇಕು ಅಂದೆ. ಅಂಗಡಿಯಾತ ನಲವತ್ತರ ಆಸುಪಾಸಿನವನು. ಕೌಂಟರಿನ ಮೇಲೆ ಎರಡು ರೀಲು ತಂದಿಟ್ಟ. ಒಂದಕ್ಕೆ ಹಿಡಿಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ. ಉಳಿದದ್ದೆಲ್ಲ ಒಂದೇ.

"ಯಾವ ಕೈಲಿ ಎಸೀತೀರಾ ಸಾರ್?" ಎಂದು ಕೇಳಿದ.

"ಬಲಗೈಲಿ. ಇನ್ಯಾವ ಕೈಲಿ ಎಸೀತಾರೆ?" ಎಂದೆ, ಸ್ವಲ್ಪ ಗದರಿದ ಹಾಗೆಯೇ.

"ಹಂಗಾದ್ರೆ ಹಿಡಿಕೆ ಎಡಗಡೆ ಇರೋದು ತಗೊಳ್ಳಿ. ಬಲಗೈಲಿ ಎಸ್ದು ಎಡಗೈಲಿ ಸುತ್ಕೊಳ್ಳಿ," ಎಂದು ಅದನ್ನು ಡಬ್ಬಿಗೆ ಹಾಕಿಕೊಟ್ಟ.

ಅರವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲನೇ ಮನುಷ್ಯ ಆತ. ನಾನು ಕೊಟ್ಟದ್ದು ತಪ್ಪು ಉತ್ತರ. ತಪ್ಪು ಅಂತ ನನಗೇ ಗೊತ್ತಿರಲಿಲ್ಲ ಅನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೀನಿನ ಹುಚ್ಚು ಹತ್ತಿಸಿದವನು ಕಚೇರಿಯಲ್ಲಿ ನನ್ನ ಜೊತೆಗಿದ್ದ ಗೆಳೆಯ. ಕನಕಪುರ ರಸ್ತೆಯಲ್ಲಿ ಊರು ದಾಟಿದ ಮೇಲೆ ಅವನ ಭಾವನ ತೋಟವಿದೆ, ತೋಟದಲ್ಲೊಂದು ಹೊಂಡ, ಹೊಂಡದಲ್ಲಿ ಕೊರಮೀನು. ಹಿಡಿದದ್ದನ್ನು ವಾಪಸ್ ನೀರಿಗೆ ಬಿಡಬೇಕು ಎಂಬುದು ಭಾವನ ಕರಾರು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವಾದ್ದರಿಂದ ನನಗೆ ಅದು ಕಷ್ಟವಾಗಲಿಲ್ಲ. "ತಿನ್ನೋದೂ ಇಲ್ಲ, ಮತ್ಯಾಕ್ರೀ ಅದರ ಬಾಯಿಗೆ ಚುಚ್ಚೋ ಶೋಕಿ?" ಎಂದು ಹೆಂಡತಿ ಮಾತ್ರ ಕೇಳಿದಳು. ಅಮೆರಿಕದವರು ಬಾಸ್ ಎಂಬ ಮೀನು ಹಿಡಿಯುವ ವಿಡಿಯೋಗಳನ್ನು ಗೆಳೆಯ ಕಳಿಸುತ್ತಿದ್ದ. ಬಾಸ್ ನಮ್ಮ ಕಡೆ ಇಲ್ಲ. ಆದರೆ ಕೊರಮೀನೂ ಅದರ ಹಾಗೆಯೇ ಎಲೆಗಳ ಮರೆಯಲ್ಲಿ ಹೊಂಚು ಹಾಕಿ, ಮೇಲೆ ಕುಣಿಯುವ ಪ್ಲಾಸ್ಟಿಕ್ ಕಪ್ಪೆಗೆ ಧಡಾರನೆ ಬೀಳುತ್ತದೆ. ಅದಕ್ಕೆ ಬೇಟ್‌ಕಾಸ್ಟರೇ ಸರಿ ಎಂದು ಅವನು ಹೇಳಿದ, ನಾನು ನಂಬಿದೆ.

ನಿಜ ಹೇಳಬೇಕೆಂದರೆ ನಿವೃತ್ತಿಯಾದ ಮೇಲೆ ನಾನು ಮಾಡಬೇಕೆಂದುಕೊಂಡಿದ್ದ ಕೆಲಸ ಬೇರೆ. ಮೊಮ್ಮಗಳನ್ನು ನೋಡಿಕೊಳ್ಳುವುದು. ಮಗಳ ಮನೆ ಜೆ.ಪಿ. ನಗರದಲ್ಲಿ, ಜಯನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೂರು ವರ್ಷದ ಮಗು ಬೆಳಗಿನಿಂದ ಸಂಜೆಯವರೆಗೆ ಬಿ.ಟಿ.ಎಂ.ನ ಒಂದು ಪ್ಲೇಹೋಮಿನಲ್ಲಿ ಇರುತ್ತದೆ. "ಅಜ್ಜಿ ತಾತನ್ನ ಇಷ್ಟು ಹತ್ರ ಇಟ್ಕೊಂಡು ಪ್ಲೇಹೋಮ್ ಯಾಕೆ?" ಎಂದು ವಾಕಿಂಗಿನ ಜೊತೆಗಾರರು ಕೇಳುತ್ತಾರೆ. ನಾಲ್ಕು ಮಕ್ಕಳ ಜೊತೆ ಬೆರೆಯಲಿ ಅಂತ, ಎನ್ನುತ್ತೇನೆ. ನಿಜವಾದ ಕಾರಣ ನಾನೇ.

ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ನಮ್ಮ ಮನೆಯ ಊಟದ ಮೇಜಿನಲ್ಲಿ ಅದು ಚಮಚವನ್ನು ಎಡಗೈಯಲ್ಲಿ ಹಿಡಿಯಿತು. ನಾನು ಬಲಗೈಗೆ ಬದಲಿಸಿದೆ. ಮತ್ತೆ ಎಡಗೈಗೆ ತೆಗೆದುಕೊಂಡಿತು, ಮತ್ತೆ ಬದಲಿಸಿದೆ. ಮೂರನೇ ಸಲ ಅದರ ಎಡಗೈಯನ್ನು ಮೇಜಿಗೆ ಒತ್ತಿ ಹಿಡಿದೆ. ಮಗು ಕಿರುಚಿತು. ಅಡುಗೆಮನೆಯಿಂದ ಓಡಿಬಂದ ಮಗಳು ನನ್ನ ಕೈಯನ್ನು ನೋಡಿದಳು. "ನನ್ನ ಕೈ ಸಾಕಾಗ್ಲಿಲ್ವೇನಪ್ಪ ನಿಂಗೆ?" ಎಂದಳು. ಆ ವಾರವೇ ಪ್ಲೇಹೋಮು ಗೊತ್ತು ಮಾಡಿದಳು. ಅಂದಿನಿಂದ ಮಗುವನ್ನು ಕರೆದುಕೊಂಡು ಬರುತ್ತಾಳೆ, ಬಿಟ್ಟು ಹೋಗುವುದಿಲ್ಲ. ಇದ್ದಷ್ಟು ಹೊತ್ತೂ ಪೊಲೀಸಿನವರ ಹಾಗೆ ಪಕ್ಕದಲ್ಲೇ ಕೂತಿರುತ್ತಾಳೆ. ಒಂದು ಮಧ್ಯಾಹ್ನ ಆ ಮಗುವನ್ನು ನನ್ನ ನಂಬಿಕೆಯ ಮೇಲೆ ಬಿಟ್ಟು ಹೋಗಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು. ಅದು ಸಿಗದ ಕೋಪದಲ್ಲಿ ಮೀನು ಹಿಡಿಯಲು ಹೊರಟಿದ್ದೆ.

ರೀಲು ಬಂತು, ಕಷ್ಟ ಶುರುವಾಯಿತು. ಬೇಟ್‌ಕಾಸ್ಟರಿನಲ್ಲಿ ಎಸೆದಾಗ ದಾರ ಸುತ್ತಿದ ಉರುಳೆಯೇ ಗಿರ್ರನೆ ತಿರುಗುತ್ತದೆ. ಕಪ್ಪೆ ನೀರಿಗೆ ಬೀಳುವ ಕ್ಷಣಕ್ಕೆ ಸರಿಯಾಗಿ ಹೆಬ್ಬೆರಳಿನಿಂದ ಒತ್ತಿ ಅದನ್ನು ನಿಲ್ಲಿಸಬೇಕು. ಒಂದು ಚೂರು ತಡವಾದರೆ ಉರುಳೆ ತನ್ನ ಪಾಡಿಗೆ ತಿರುಗುತ್ತಲೇ ಇದ್ದು, ದಾರವೆಲ್ಲ ಹಕ್ಕಿಗೂಡಿನ ಹಾಗೆ ಸಿಕ್ಕಾಗುತ್ತದೆ. ನಾನು ಪ್ರತಿದಿನ ಬೆಳಿಗ್ಗೆ ತಾರಸಿಗೆ ಹೋಗಿ, ಕೊಕ್ಕೆ ಕತ್ತರಿಸಿದ ಕಪ್ಪೆಯನ್ನು ನೀರಿನ ಟ್ಯಾಂಕಿನ ಕಡೆಗೆ ಎಸೆಯುತ್ತಿದ್ದೆ. ಎಸೆದಷ್ಟೂ ಹಕ್ಕಿಗೂಡು. ಬಲಗೈಯ ಹೆಬ್ಬೆರಳು ಕಚೇರಿಯ ಫೈಲಿನ ಹಾಗೆ ಎಲ್ಲ ಮುಗಿದ ಮೇಲೆ ಬಂದು ಕೂರುತ್ತಿತ್ತು. ಉರುಳೆಯ ಓಟ ತಡೆಯುವ ಬ್ರೇಕು ಹೆಚ್ಚಿಸಿದೆ, ಕಡಿಮೆ ಮಾಡಿದೆ, ವಿಡಿಯೋ ನೋಡಿದೆ. ಒಂದು ಸಲ ಕಪ್ಪೆ ಪಕ್ಕದ ಮನೆಯ ಆಂಟಿ ಒಣಹಾಕಿದ್ದ ಸೀರೆಯ ಮೇಲೆ ಹೋಗಿ ಕೂತಿತು. ತಿಂಗಳಾದರೂ ಅದೇ ಕಥೆ.

ರೀಲೇ ಕೆಟ್ಟದ್ದು ಎಂದು ತೀರ್ಮಾನಿಸಿ ಜಗಳಕ್ಕೆಂದೇ ಅಂಗಡಿಗೆ ಹೋದೆ. ಸಿಕ್ಕಾದ ದಾರ ಹಾಗೆಯೇ ಇತ್ತು. "ಬಿಡಿಸಿ ನೋಡೋಣ ಸಾರ್," ಎಂದು ಅಂಗಡಿಯಾತ ಒಂದು ಸೂಜಿ ಕೊಟ್ಟ. ನಾನು ಬಾಯಿಯಲ್ಲಿ ಬೈಯುತ್ತಾ, ಕೈಯಲ್ಲಿ ಒಂದೊಂದೇ ಗಂಟು ಬಿಡಿಸುತ್ತಾ ನಿಂತೆ. ಆತ ಬೈಗುಳಕ್ಕೆ ಕಿವಿಗೊಡದೆ ನನ್ನ ಕೈಯನ್ನೇ ನೋಡುತ್ತಿದ್ದ.

"ಸಾರ್, ನೀವು ಎಡಚರು."

"ಅಲ್ಲ."

"ಸೂಜಿ ಯಾವ ಕೈಲಿದೆ ನೋಡ್ಕೊಳ್ಳಿ."

ನೋಡಿಕೊಂಡೆ. ಎಡಗೈಯಲ್ಲಿತ್ತು. ಅಷ್ಟು ಹೊತ್ತೂ ಎಡಗೈಯೇ ಗಂಟು ಬಿಡಿಸಿತ್ತು, ಬಲಗೈ ಸುಮ್ಮನೆ ರೀಲನ್ನು ಹಿಡಿದುಕೊಂಡು ನಿಂತಿತ್ತು. ಎಡಚ ಎಂಬ ಮಾತನ್ನು ಚಿಕ್ಕವನಿದ್ದಾಗ ಬೈಗುಳವಾಗಿಯೇ ಕೇಳಿದ್ದೆ. ಈ ಮನುಷ್ಯ ಅದನ್ನು ಅಂಗಿಯ ಅಳತೆ ಹೇಳಿದಷ್ಟು ಸಲೀಸಾಗಿ ಹೇಳಿದ.

ಆತ ನನ್ನ ರೀಲನ್ನು ವಾಪಸ್ ತೆಗೆದುಕೊಂಡು ಬಲಗಡೆ ಹಿಡಿಕೆಯದನ್ನು ಕೊಟ್ಟ. ಕೂರಿಸಿ, ಸಮಾಧಾನವಾಗಿ ಎಲ್ಲ ಹೊಂದಿಸಿದ. ಮೊದಲು ಉರುಳೆಗೆ ಮಾಮೂಲಿ ನೈಲಾನ್ ದಾರ ನಾಲ್ಕು ಸುತ್ತು, ಇಲ್ಲದಿದ್ದರೆ ಹೆಣೆದ ದಾರ ಜಾರುತ್ತದೆ. ಅದರ ಮೇಲೆ ಹೆಣೆದ ದಾರ, ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ. ಆಮೇಲೆ ಕಪ್ಪೆಯನ್ನು ಕಟ್ಟಿ, ಹಿಡಿಕೆಯ ಪಕ್ಕದ ಸಣ್ಣ ತಿರುಪನ್ನು ಬಿಗಿ ಮಾಡುತ್ತಾ, ಕಪ್ಪೆ ಮೆಲ್ಲಗೆ ಇಳಿದು ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವ ಹಾಗೆ ಮಾಡಿದ. "ಬ್ರೇಕು ಮೊದ್ಲು ಪೂರ್ತಿ ಇಡಿ. ಹೆಬ್ಬೆಟ್ಟು ಕಲ್ತ ಹಾಗೆಲ್ಲ ಒಂದೊಂದೇ ಕಡಿಮೆ ಮಾಡಿ," ಎಂದ.

ಮರುದಿನ ತಾರಸಿಯಲ್ಲಿ ಎಡಗೈಯಿಂದ ಎಸೆದೆ. ಕಪ್ಪೆ ನೆಟ್ಟಗೆ ಹೋಗಿ ಟ್ಯಾಂಕಿನ ಬುಡದಲ್ಲಿ ಬಿತ್ತು. ಹೆಬ್ಬೆರಳು ನಾನು ಹೇಳುವ ಮೊದಲೇ ಉರುಳೆಯನ್ನು ನಿಲ್ಲಿಸಿತ್ತು. ಒಂದು ಎಳೆಯೂ ಸಿಕ್ಕಾಗಲಿಲ್ಲ. ಐವತ್ತೈದು ವರ್ಷ ಏನೂ ಕಲಿಸದೆ ಮೂಲೆಗೆ ತಳ್ಳಿದ್ದ ಕೈಗೆ ಇದು ಬರುತ್ತಿತ್ತು. ಸಂತೋಷವಾಗಬೇಕಿತ್ತು. ಅಳು ಬಂತು, ಅದರ ಹಿಂದೆಯೇ ಸಿಟ್ಟು.

ಸಿಟ್ಟು ನನ್ನ ಅಪ್ಪನ ಮೇಲೆ. ಅವರು ಹೊಡೆಯುವ ಜಾತಿಯವರಲ್ಲ, ಗದರುವವರೂ ಅಲ್ಲ. ಊಟಕ್ಕೆ ಕೂರುವ ಮೊದಲು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಎಡಗೈಯನ್ನು ಬೆನ್ನಿಗೆ ಸೇರಿಸಿ ಕಟ್ಟುತ್ತಿದ್ದರು, ಊಟವಾದ ಮೇಲೆ ಬಿಚ್ಚುತ್ತಿದ್ದರು. ಬರೆಯುವಾಗಲೂ ಅಷ್ಟೇ. ನಾಲ್ಕು ಜನರ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವ ಮಗನನ್ನು ಕೂರಿಸಿಕೊಳ್ಳುವುದು ಹೇಗೆ ಎಂಬುದು ಅವರ ಚಿಂತೆ. ಎರಡು ವರ್ಷದಲ್ಲಿ ನಾನು ಬಲಗೈಯವನಾದೆ. ಮನೆಯವರಿಗೆಲ್ಲ ಖುಷಿಯಾಯಿತು. ಒಂದು ವಾರ ತಾರಸಿಯ ಮೇಲೆ, ತೀರಿಹೋದ ಆ ಮನುಷ್ಯನನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡು ಎಸೆದೆ. ಬೈದಷ್ಟೂ ಎಸೆತ ಚೆನ್ನಾಗಿ ಬರುತ್ತಿತ್ತು.

ಎಂಟನೇ ದಿನಕ್ಕೆ ಬೈಗುಳ ನಿಂತಿತು, ಏಕೆಂದರೆ ಮಗಳು ನೆನಪಾದಳು. ಅವಳೂ ಹುಟ್ಟು ಎಡಚಿ. ನಾನು ಅಪ್ಪನ ಹಾಗೆ ಕಟ್ಟಿಹಾಕಲಿಲ್ಲ, ನಾನು ಆಧುನಿಕ. ಅವಳ ಎಡಗೈ ಬೆರಳುಗಳಿಗೆ ಬೇವಿನೆಣ್ಣೆ ಹಚ್ಚಿದೆ. ಆ ಕೈಯಲ್ಲಿ ಏನು ತಿಂದರೂ ಕಹಿ. ಎರಡು ಮೂರು ತಿಂಗಳಲ್ಲಿ ಅವಳು ಸರಿಹೋದಳು, ನಾನು ನಾಲ್ಕು ಜನಕ್ಕೆ ಈ ಉಪಾಯ ಹೇಳಿಕೊಂಡು ತಿರುಗಿದೆ. ಮುಂದೆ ಅವಳು ಬರೆಯುವುದು ನಿಧಾನ ಎಂದು ಸ್ಕೂಲಿನಲ್ಲಿ ದೂರು ಬಂತು. ಪ್ರತಿ ಪರೀಕ್ಷೆಯಲ್ಲೂ ಕೊನೆಯ ಪ್ರಶ್ನೆ ಬಿಟ್ಟು ಬರುತ್ತಿದ್ದಳು. ಉತ್ತರ ಗೊತ್ತಿತ್ತು, ಕೈ ಓಡಲಿಲ್ಲ ಎನ್ನುತ್ತಿದ್ದಳು. ನಾನು ಅದಕ್ಕೂ ಬೈದೆ. ಅಪ್ಪನಿಗಾದರೆ ತಾನು ಏನು ಕಿತ್ತುಕೊಳ್ಳುತ್ತಿದ್ದೇನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಇದನ್ನೆಲ್ಲ ಹೇಳಿಕೊಳ್ಳಲು ಒಂದು ಸಂಜೆ ಅವಳ ಮನೆಗೆ ಹೋದೆ. ಬೇವಿನೆಣ್ಣೆಯ ವಿಷಯ ನಾನೇ ಎತ್ತಿದೆ, ತಪ್ಪಾಯಿತು ಎಂದೆ. ಹಾಗೆಂದು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಒಗೆದ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು.

"ರೀಲಿಂದ ಗೊತ್ತಾಯ್ತಾ ನಿಂಗೆ?" ಎಂದಳು.

"ಹೂಂ."

"ನಾನು ಹೇಳಿದಾಗ ಗೊತ್ತಾಗ್ಲಿಲ್ಲ."

ನಾನೂ ಒಂದು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದೆ. ಕೊನೆಗೆ ಅವಳೇ, "ಭಾನುವಾರ ಬರ್ತೀವಿ. ತೋರ್ಸು, ಹೆಂಗೆ ಎಸೀತೀಯಾ ಅಂತ," ಎಂದಳು. ಬಾಗಿಲವರೆಗೆ ಬಂದು, "ನಾನಲ್ಲೇ ಹತ್ರ ಸ್ವಲ್ಪ ಶಾಪಿಂಗ್ ಮಾಡ್ಬೇಕು. ಸರಿ ಅನ್ಸಿದ್ರೆ ಇವಳನ್ನ ನಿಮ್ಹತ್ರ ಬಿಟ್ಟು ಹೋಗ್ತೀನಿ," ಎಂದು ಸೇರಿಸಿದಳು. ಸ್ಕೂಟರಿನಲ್ಲಿ ಮನೆಗೆ ಬರುವಾಗ ನಾನು ಹಾಡು ಗುನುಗುತ್ತಿದ್ದೆನೆಂದು ಕಾಣುತ್ತದೆ, ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಿರುಗಿ ನೋಡಿ ನಕ್ಕ.

ಭಾನುವಾರ ಹತ್ತು ಗಂಟೆಗೆ ಬಂದರು. ನಾವೆಲ್ಲ ತಾರಸಿಗೆ ಹೋದೆವು. ನಾನು ಎಡಗೈಯಿಂದ ಎಸೆದು ತೋರಿಸಿದೆ. ಮಗು ಚಪ್ಪಾಳೆ ತಟ್ಟಿತು, ಮಗಳೂ ಮುಗುಳ್ನಕ್ಕಳು. ಕಪ್ಪೆಯನ್ನು ಕೆಳಗಿಳಿಸುವ ಆಟ ಮಗುವಿಗೆ ತುಂಬ ಹಿಡಿಸಿತು. "ನಾನು, ತಾತ, ನಾನು," ಎಂದು ಸಣ್ಣ ತಿರುಪನ್ನು ತಿರುಗಿಸಿತು, ಎಡಗೈಯಿಂದ. ನಾನು ಏನೂ ಅನ್ನಲಿಲ್ಲ. ಅನ್ನಬೇಕೆಂದು ಅನಿಸಲೂ ಇಲ್ಲ. ಬಿಗಿಯಾದಾಗ ಕಪ್ಪೆ ಗಾಳಿಯಲ್ಲಿ ನಿಂತುಬಿಡುತ್ತಿತ್ತು, ಸಡಿಲವಾದಾಗ ಧೊಪ್ಪೆಂದು ಬೀಳುತ್ತಿತ್ತು, ಎರಡಕ್ಕೂ ಮಗು ಒಂದೇ ಸಮ ನಗುತ್ತಿತ್ತು. ಮಗಳು ಇದನ್ನು ಗಮನಿಸುತ್ತಿದ್ದಾಳೆಂದು ನನಗೆ ತಿಳಿದಿತ್ತು. ಹೆಗಲಿಗೆ ಬ್ಯಾಗು ಏರಿಸಿಕೊಂಡಳು. "ಒಂದ್ ಗಂಟೇಲಿ ಬರ್ತೀನಿ, ತಾತನ ಹತ್ರ ಆಟ ಆಡ್ಕೊಂಡಿರು," ಎಂದು ಮಗುವಿನ ತಲೆ ಸವರಿದಳು.

ಅಷ್ಟರಲ್ಲಿ ಹೆಂಡತಿ ಒಂದು ತಟ್ಟೆಯಲ್ಲಿ ಕೋಡುಬಳೆ ತಂದಳು. ಬೆಳಿಗ್ಗೆಯೇ ಎದ್ದು ಮೊಮ್ಮಗಳಿಗೆಂದು ಖಾರ ಕಡಿಮೆ ಹಾಕಿ ಮಾಡಿದ್ದು. ನನ್ನ ಎಡಗೈಯಲ್ಲಿ ಗಾಳದ ರಾಡು ಇತ್ತು. ಬಲಗೈಯಿಂದ ಒಂದು ಕೋಡುಬಳೆ ಎತ್ತಿ ಮಗುವಿನ ಮುಂದೆ ಹಿಡಿದೆ. ಮಗು ಎಡಗೈ ಚಾಚಿತು.

ನಾನು ಕೋಡುಬಳೆಯನ್ನು ಹಿಂದಕ್ಕೆ ಎಳೆದುಕೊಂಡೆ. "ಆ ಕೈ ಬೇಡ ಪುಟ್ಟಿ, ಊಟದ ಕೈಲಿ ತಗೋ," ಎಂದೆ. ಮುದ್ದಿನಿಂದಲೇ ಅಂದೆ. ಅಂದದ್ದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಮೆಟ್ಟಿಲ ಹತ್ತಿರ ಮಗಳು ನಿಂತುಬಿಟ್ಟಿದ್ದಳು.

ಕೂಗಾಡುತ್ತಾಳೆಂದುಕೊಂಡೆ, ಕೂಗಾಡಿದ್ದರೆ ಒಳ್ಳೆಯದಿತ್ತು. ವಾಪಸ್ ಬಂದು ಬ್ಯಾಗನ್ನು ಸರಿಮಾಡಿಕೊಂಡು ಬಗ್ಗಿದಳು. "ನಿಂಗೊಬ್ಬನಿಗೇ ವಾಪಸ್ ಸಿಕ್ತು ಅಲ್ವೇನಪ್ಪ, ಕೈ," ಎಂದಳು.

"ಬಾಯಿ ತಪ್ಪಿ ಬಂತು ಕಣೆ," ಎಂದೆ. ಸುಳ್ಳಲ್ಲ. ಆದರೆ ಬಾಯಿ ತಪ್ಪಿ ಬರುವುದನ್ನೇ ಅವಳು ಇಷ್ಟು ದಿನ ಕಾವಲು ಕಾಯುತ್ತಿದ್ದದ್ದು.

ಅವಳು ಮಗುವನ್ನು ಎತ್ತಿಕೊಳ್ಳಲು ಕೈ ನೀಡಿದಳು. ಮಗು ಅವಳ ಕಡೆ ತಿರುಗಲಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯನ್ನು ನನ್ನ ಮುಂದೆ ಚಾಚಿ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಾ ನಿಂತಿತ್ತು.