ಭಾಗವಾಗದ ಓಂಕಾರೇಶ್ ಮೇಷ್ಟ್ರು

ಅಜ್ಜಂಪುರದ ಓಂಕಾರೇಶ್ ಮೇಷ್ಟ್ರು ಹೈಸ್ಕೂಲಿನಲ್ಲಿ ವಾಸ್ತವ ಸಂಖ್ಯೆಗಳನ್ನು ಕಲಿಸುತ್ತಾರೆ. ವಾಸ್ತವದ ಜೊತೆ ಮಾತ್ರ ಚಿಕ್ಕಂದಿನಿಂದಲೂ ‘ಟೂ’. ಕಡೂರಿನ ಬಸ್ಸು ಹತ್ತಿದರೆ ಕಂಡಕ್ಟರ್‌ಗೆ “ಅಜ್ಜಂಪುರ ಸೊನ್ನೆ ಅಂತಿಟ್ಕೊಳ್ಳಿ” ಎಂದು ಶುರು ಮಾಡುತ್ತಾರೆ. ಟಿಕೆಟ್ ಹರಿಯುವಷ್ಟರಲ್ಲಿ ಬೀರೂರು ಬಂದಿರುತ್ತದೆ. ವಯಸ್ಸು ನಲವತ್ತರ ಹತ್ತಿರ. ಹೆಣ್ಣು ನೋಡಲು ಹೋದಲ್ಲೆಲ್ಲ ಬಾಯಿ ಬಿಟ್ಟೇ ಕೆಟ್ಟವರು.

ಈ ಸಲ ತರೀಕೆರೆಯ ಸುಮನಾ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಫೋನಿನಲ್ಲಿ ಇವರ ಲೆಕ್ಕದ ಜೋಕಿಗೆ ನಕ್ಕಿದ್ದಳು! ಅಂಥ ಹೆಣ್ಣು ಮತ್ತೆ ಸಿಗುವುದಿಲ್ಲವೆಂದು ಮೇಷ್ಟ್ರು ಬಾಯಿ ಹೊಲಿದುಕೊಂಡೇ ಹೋದರು.

ಅವಳಪ್ಪ, ಕೊಬ್ಬರಿ ವ್ಯಾಪಾರಿ ರುದ್ರಮೂರ್ತಿ, ಹೊಲಿಗೆ ಬಿಚ್ಚಿದರು. “ಹಿರೇನಲ್ಲೂರಿನ ನಿಮ್ಮ ತೋಟ ಅಣ್ಣತಮ್ಮಂದಿರಿಗೆ ಭಾಗ ಆಗಿದ್ಯೇನಪ್ಪಾ?”

ಬೆಳಿಗ್ಗೆಯಷ್ಟೇ ಎರಡರ ವರ್ಗಮೂಲದ ಪಾಠ ಮಾಡಿದ್ದ ಮೇಷ್ಟ್ರಿಗೆ ‘ಭಾಗ’ ಎಂಬ ಪದ ಕಿವಿಗೆ ಬಿದ್ದದ್ದೇ ತಡ, “ಭಾಗ ಆಗೋದೇ ಇಲ್ಲ ಸಾರ್, ಅಭಾಗಲಬ್ಧ! ಮೂಲ ಎರಡು!”

“ಅಯ್ಯೋ, ಎರಡೆರಡು ಮೂಲವಾ?” ಎಂದರು ಸುಮನಾಳ ಅಜ್ಜಿ ಅಂಬಮ್ಮ. “ಸುವರ್ಣಗಡ್ಡೆ ಪಲ್ಯ ತಿನ್ನು ಮಗಾ, ಕೂರೋಕಾದ್ರೂ ಆಯ್ತದೆ.”

ಮೇಷ್ಟ್ರು ಗಾಬರಿಯಿಂದ ತಟ್ಟೆಯ ಕೋಡುಬಳೆ ತೆಗೆದು ಟೀಪಾಯಿಯ ನಡುವೆ ಇಟ್ಟರು. ಬಲಕ್ಕೆ ಎರಡು ಚಕ್ಕುಲಿ ಸಾಲಾಗಿಟ್ಟರು. “ಇದು ಸೊನ್ನೆ. ಇದು ಒಂದು, ಇದು ಎರಡು. ನಮ್ಮ ಮೂಲ ಇವೆರಡರ ಮಧ್ಯೆ ಇದೆ. ಭಿನ್ನರಾಶಿಯಾಗಿ ಬರೆಯೋಕಾಗಲ್ಲ, ಆದ್ರೆ ಗೆರೆ ಮೇಲೆ ಅದಕ್ಕೂ ಒಂದು ಜಾಗ ಇದ್ದೇ ಇದೆ. ನಾನಿರೋ ಬಲಗಡೆ ಧನ, ನೀವಿರೋ ಎಡಗಡೆ ಋಣ.”

ರುದ್ರಮೂರ್ತಿ ಎದ್ದು ನಿಂತರು. “ಏನ್ರೀ, ನಮ್ಮನೇಲೇ ನಮ್ಮನ್ನ ಋಣದ ಕಡೆ ಕೂರಿಸ್ತೀರಾ? ಅದೂ ಭಾಗ ಇಲ್ದೋರು!”

ಅಷ್ಟರಲ್ಲಿ ಅಂಬಮ್ಮ ಸೊನ್ನೆಯನ್ನು ಕಾಫಿಗೆ ಅದ್ದಿಬಿಟ್ಟಿದ್ದರು. ಸೊನ್ನೆಯೇ ಹೋದ ಮೇಲೆ ಸಂಖ್ಯಾರೇಖೆ ನಿಲ್ಲುವುದೆಲ್ಲಿ? ಮೇಷ್ಟ್ರೂ ಚಪ್ಪಲಿಯ ಕಡೆ ನೋಡಿದರು.

ಬಾಗಿಲಲ್ಲಿದ್ದ ಸುಮನಾ ಬಂದು ಅದೇ ಜಾಗದಲ್ಲಿ ಹೊಸ ಕೋಡುಬಳೆ ಇಟ್ಟಳು.

“ಕೂತ್ಕೋ ಅಪ್ಪಾ. ಅಣ್ಣತಮ್ಮಂದಿರು ಒಟ್ಟಿಗಿದಾರೆ ಅಂತ ನೀನೇ ಹೊಗಳ್ತಿದ್ದೆ. ಭಾಗ ಆಗಿಲ್ಲ ಅಂದ್ರೆ ಅದೇ ಕಣಪ್ಪಾ. ಇನ್ನು ಮದ್ವೆಗೆ ಋಣಾನುಬಂಧ ಅಂತಾರೆ. ಧನಾನುಬಂಧ ಅಂತ ಯಾರಾದ್ರೂ ಅಂತಾರಾ?”

ರುದ್ರಮೂರ್ತಿ ಮೀಸೆಯೊಳಗೇ ನಕ್ಕು ಕೂತರು. ಸುಮನಾ ಮೇಷ್ಟ್ರ ಕಡೆ ತಿರುಗಿದಳು. “ಎಡಗಡೇನೇ ಇರ್ಲಿ ಬಿಡಿ. ಮದ್ವೆ ಆದ್ಮೇಲೆ ನಾನು ಕೂರೋದೂ ನಿಮ್ಮ ಎಡಭಾಗದಲ್ಲೇ.”

‘ಭಾಗ’ ಎಂದದ್ದೇ ಮೇಷ್ಟ್ರ ಬಾಯಿ ತೆರೆಯಿತು. ಪುಣ್ಯಕ್ಕೆ ಅಂಬಮ್ಮ ಹತ್ತಿರದಲ್ಲೇ ಇದ್ದರು. ಹೊಸ ಸೊನ್ನೆಯನ್ನು ಮುರಿದು ಅರ್ಧ ಆ ಬಾಯೊಳಗೆ ತುರುಕಿದರು.