ಬಸ್ಸಿಗೆ ಎತ್ತಿದ ಕೈ

ನಮ್ಮ ಅವ್ವ ಜೀವಮಾನದಲ್ಲಿ ಒಮ್ಮೆ ಪೇಪರಿನಲ್ಲಿ ಬಂದಳು. ಅದೂ ಮೊದಲ ಪುಟದಲ್ಲಿ, ಬಣ್ಣದಲ್ಲಿ. ಬರಬಾರದಿತ್ತು.

ಫೋಟೋದಲ್ಲಿ ಅವಳ ಬಲಗೈ ಮೇಲೆದ್ದಿದೆ, ಬಾಯಿ ಇಷ್ಟಗಲ ತೆರೆದಿದೆ, ಕತ್ತಿನ ನರ ಉಬ್ಬಿವೆ. ಹಿಂದೆ ಬಾವುಟ ಹಿಡಿದ ಹುಡುಗರು ಮಸುಕು ಮಸುಕಾಗಿ ಕಾಣುತ್ತಾರೆ. ಕೆಳಗೆ ‘ಖಾನಾಪುರದಲ್ಲಿ ಕನ್ನಡ ತಾಯಿಯ ಆಕ್ರೋಶ’ ಎಂದಿತ್ತು. ನೋಡಿದವರ ರಕ್ತ ಕುದಿಯಬೇಕು, ಹಾಗಿತ್ತು ಚಿತ್ರ. ನನ್ನ ರಕ್ತವೂ ಕುದಿಯಿತು, ಬೇರೆ ಕಾರಣಕ್ಕೆ. ಅವ್ವ ಆ ಹೊತ್ತಿನಲ್ಲಿ ಬೆಳಗಾವಿ ಬಸ್ಸಿಗೆ ಕೈ ಮಾಡುತ್ತಿದ್ದಳು, ಅಷ್ಟೇ.

ಖಾನಾಪುರದ ನಮ್ಮ ಮನೆಯ ಹತ್ತಿರದ ಕ್ರಾಸಿನಲ್ಲಿ ಬಸ್ಸು ತಾನಾಗಿ ನಿಲ್ಲುವುದಿಲ್ಲ. ಸುಮ್ಮನೆ ಕೈ ಎತ್ತಿದರೂ ನಿಲ್ಲುವುದಿಲ್ಲ. ಕೈಯನ್ನೂ ಎತ್ತಬೇಕು, ಜತೆಗೆ ‘ಏ ತಮ್ಮಾ, ನಿಂದರ್ಸೋ!’ ಎಂದು ಡ್ರೈವರನ ಕಿವಿ ತೂತಾಗುವ ಹಾಗೆ ಕೂಗಬೇಕು. ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತಿರುವ ವಿದ್ಯೆ ಇದು. ಆ ವಾರ ಗಡಿಯ ಗಲಾಟೆ ಮತ್ತೆ ಕಾವೇರಿತ್ತು. ಕ್ರಾಸಿನಲ್ಲಿ ಹುಡುಗರು ಘೋಷಣೆ ಕೂಗುತ್ತಿದ್ದರು, ಬಸ್ಸುಗಳು ಅಪರೂಪವಾಗಿದ್ದವು. ಅವ್ವ ಮಾಮೂಲಿಗಿಂತ ಜೋರಾಗಿಯೇ ಕೂಗಿರಬೇಕು. ಅವಳ ಎಡಗೈಯಲ್ಲಿ ಒಂದು ಬುತ್ತಿ ಡಬ್ಬಿ ಇತ್ತು. ಪೇಪರಿನವರು ಅದನ್ನು ಕತ್ತರಿಸಿ ಹಾಕಿದ್ದರು.

ಆ ಬುತ್ತಿ ಯಾರಿಗೆ ಎಂಬುದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಪಕ್ಕದ ಮನೆಯ ಮರಾಠಿ ಹೆಂಗಸಿಗೆ. ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕವ್ವ, ಎಂದೇ ಕರೆದು ಬೆಳೆದವಳು. ಅವ್ವ ಕನ್ನಡದಲ್ಲಿ ಕೇಳುವುದು, ಮಾವಶಿ ಮರಾಠಿಯಲ್ಲಿ ಉತ್ತರ ಕೊಡುವುದು, ಹಿತ್ತಲ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ಅತ್ತಿತ್ತ ಹೋಗುವುದು, ಇದೆಲ್ಲ ನಾನು ಹುಟ್ಟುವ ಮೊದಲಿನಿಂದ ನಡೆದದ್ದು. ಮಾವಶಿ ಮೊಣಕಾಲಿನ ಆಪರೇಶನ್ನಿಗೆಂದು ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿದ್ದಳು. ಆಸ್ಪತ್ರೆಯ ಊಟ ಸೇರುವುದಿಲ್ಲ ಎಂದಳೆಂದು ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಿದ್ದಳು. ಬಸ್ಸು ಸಿಕ್ಕಿತು, ಹೋದಳು, ಎದುರಿಗೆ ಕೂತು ತಿನ್ನಿಸಿದಳು. ಡಬ್ಬಿಯನ್ನು ಅಲ್ಲೇ ಬಿಟ್ಟು, ಬೆಳಗಾವಿಯಲ್ಲೇ ಶಿವಬಸವ ನಗರದಲ್ಲಿರುವ ನನ್ನ ಮನೆಗೆ ಬಂದು ಮಲಗಿದಳು.

ಮರುದಿನ ಬೆಳಿಗ್ಗೆ ಪೇಪರ್ ಬಂತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಕೈಯಲ್ಲೂ ಅದೇ ಪೇಪರ್. ಮಾವಶಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಚಿತ್ರ ನೋಡಲು ಅಕ್ಷರ ಯಾಕೆ ಬೇಕು? ಎತ್ತಿದ ಕೈ ಇತ್ತು, ತೆರೆದ ಬಾಯಿ ಇತ್ತು, ಬಾವುಟ ಇತ್ತು. ಉಳಿದದ್ದನ್ನು ಓದಿ ಹೇಳುವವರು ಹೇಳಿದರು.

ಸಂಜೆ ಮಾವಶಿಯ ಮಗ ನನ್ನ ಮನೆಯ ಬಾಗಿಲಿಗೆ ಬಂದು ಡಬ್ಬಿ ಕೊಟ್ಟು ಹೋದ. ಅವ್ವ ಮುಚ್ಚಳ ತೆಗೆದು ನೋಡಿದಳು. ಖಾಲಿ. ನಮ್ಮಲ್ಲಿ ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸುವ ರೂಢಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಮಾವಶಿ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಅವ್ವ ಆ ಡಬ್ಬಿಯನ್ನು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

ನಾನು ಆ ಮಗನಿಗೆ ಫೋನ್ ಮಾಡಿದೆ. “ಅಲ್ಲೋ, ನಮ್ಮವ್ವ ನಿಮ್ಮವ್ವಗ ರೊಟ್ಟಿ ತಗೊಂಡು ಬರಾಕ ಬಸ್ಸಿಗೆ ಕೈ ಮಾಡ್ಯಾಳ” ಎಂದೆ.

“ಅಕ್ಕಾ, ಪೇಪರ್‌ನಾಗ ಬಂದದ್ದು ಸುಳ್ಳ ಇರತೈತೇನ್ರಿ?” ಎಂದ. “ಅಲ್ಲಿ ಕೂಗಿ, ಆಮ್ಯಾಲೆ ಇಲ್ಲಿ ಬಂದಿರಬೇಕು.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಗಾದೆಯಲ್ಲಿ ಮಾತ್ರ ಇರುತ್ತಾರೆ ಅಂದುಕೊಂಡಿದ್ದೆ. ತಿಂದ ರೊಟ್ಟಿ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ, ಅದಕ್ಕಿಂತ ಅಚ್ಚಾದ ಚಿತ್ರ ಹೆಚ್ಚು ನಿಜವಾಗಿಬಿಟ್ಟಿತ್ತು.

ನಾನು ಪೇಪರಿನ ಕಚೇರಿಗೆ ಹೋದೆ. ಅಲ್ಲಿದ್ದವರು ಬಹಳ ಮರ್ಯಾದಸ್ಥರು. ಕೂರಿಸಿದರು, ಚಹಾ ತರಿಸಿದರು, ಫೋಟೋ ಮತ್ತೊಮ್ಮೆ ನೋಡಿ ತಲೆದೂಗಿದರು. “ತಾಯಾರ ಭಾವನಾ ಭಾಳ ಚಲೋ ಬಂದೈತ್ರಿ ಇದರಾಗ” ಎಂದರು.

“ಅದು ಬಸ್ಸಿಗೆ ಬಂದ ಭಾವನಾ ರೀ!” ಎಂದೆ.

ತಿದ್ದುಪಡಿ ಹಾಕಿಸುತ್ತೇವೆ ಎಂದರು. ಒಳಗಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಫೋಟೋ ಇಲ್ಲದೆ. ಹೆಸರೂ ಇಲ್ಲದ, ಮುಖವೂ ಇಲ್ಲದ ತಿದ್ದುಪಡಿ ಯಾರದೆಂದು ಯಾರಿಗೆ ತಿಳಿಯಬೇಕು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಂಗಾರ ಹಿಂಗ ಮಾಡೂಣ್ರಿ” ಎಂದರು. “ತಾಯಾರನ್ನೂ ಆ ಮರಾಠಿ ಬಾಯಾರನ್ನೂ ಕರಕೊಂಡ ಬರ್ರಿ. ಇಬ್ಬರೂ ತಬ್ಬಿಕೊಂಡದ್ದೊಂದು ಫೋಟೋ ಹೊಡೆಯೂಣು. ಭಾಷಾ ಸೌಹಾರ್ದ. ಅರ್ಧ ಪುಟ ಕೊಡ್ತೇವಿ.”

ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಮಾತು ಬಿಟ್ಟವರನ್ನು ಫೋಟೋಗಾಗಿ ತಬ್ಬಿಸುವ ಉಮೇದು! ತಿದ್ದುಪಡಿ ಬಂತೋ ಇಲ್ಲವೋ ನಾನು ಹುಡುಕಲಿಲ್ಲ.

ಮಾವಶಿ ಆಸ್ಪತ್ರೆಯಿಂದ ಖಾನಾಪುರದ ಮನೆಗೆ ಮರಳಿದಳು, ಅವ್ವನೂ ಹೋದಳು. ಹಿತ್ತಲ ಗೋಡೆ ಇದ್ದಲ್ಲೇ ಇತ್ತು, ಬಟ್ಟಲು ಮಾತ್ರ ದಾಟಲಿಲ್ಲ. ನಮ್ಮ ಓಣಿಯವರಿಗೆ ಇದರ ಪರಿವೆಯೇ ಇಲ್ಲ. ಆ ಪುಟವನ್ನು ತಂದುಕೊಟ್ಟು “ಭಾರೀ ಧೈರ್ಯ ನೋಡ್ರಿ ಕಾಕೂರ್ದು” ಎಂದು ಹೊಗಳಿ ಹೋದವರೂ ಇದ್ದರು. ನಾನು ಊರಿಗೆ ಹೋದಾಗ ಅವ್ವ ಆ ಪುಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ನಾ ಅಷ್ಟ ಸಿಟ್ಟಿಗೆದ್ದಿದ್ದೆನೇನ ಅವತ್ತ?” ಎಂದು ನನ್ನನ್ನೇ ಕೇಳಿದಳು.

ನನಗೆ ಅಳು ಬಂತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಕೈ ಎತ್ತಿದವಳೇ ತನ್ನ ಕೈಯನ್ನು ನಂಬದೆ ಹೋದರೆ ಇನ್ನು ಪರಾಂಬರಿಸುವುದು ಯಾರು?

ಕೊನೆಗೆ ಈ ಗಂಟು ಬಿಚ್ಚಿದ್ದು ಸತ್ಯದಿಂದಲ್ಲ, ಇನ್ನೊಂದು ಸುಳ್ಳಿನಿಂದ. ಗಡಿ ಗಲಾಟೆ ಮತ್ತೊಮ್ಮೆ ಎದ್ದಾಗ ಮಾವಶಿಯ ಮನೆಗೆ ಬರುವ ಮರಾಠಿ ಪೇಪರಿನಲ್ಲಿ ಅದೇ ಫೋಟೋ ಬಂತು. ಅದೇ ಕೈ, ಅದೇ ಬಾಯಿ. ಹುಡುಗರನ್ನೂ ಬಾವುಟವನ್ನೂ ಮಾತ್ರ ಈ ಸಲ ಕತ್ತರಿಸಿದ್ದರು. ಕೆಳಗೆ, ಕನ್ನಡದ ದಬ್ಬಾಳಿಕೆಯ ವಿರುದ್ಧ ಸಿಡಿದೆದ್ದ ಮರಾಠಿ ಆಯಿ ಎಂಬ ಅರ್ಥದ ಸಾಲು. ಅವ್ವನ ಹಣೆಯ ವಿಭೂತಿ ಕೂಡ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಾವಶಿ ಕೋಲು ಊರಿಕೊಂಡು, ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿತ್ತಲ ಬಾಗಿಲಿನಿಂದ ಬಂದಳು. “ಅಗ ಬಾಯಿ, ತೂ ಕಧೀ ಮರಾಠೀ ಝಾಲೀಸ್?” ಎಂದಳು. ನೀನು ಮರಾಠಿಯವಳಾದದ್ದು ಯಾವಾಗ ಎಂದು.

“ಅವತ್ತ ಕನ್ನಡದವರಾಕಿ ಇದ್ದೆ, ಇವತ್ತ ನಿಮ್ಮಾಕಿ ಆಗೇನಿ. ನಾಳಿ ಯಾರಾಕಿ ಅಂತ ಪೇಪರ್ ನೋಡೇ ಹೇಳಬೇಕು” ಎಂದಳು ಅವ್ವ.

ಮಾವಶಿ ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ನಿಜಕ್ಕೂ ಅವತ್ತು ಏನು ಮಾಡುತ್ತಿದ್ದೆ ಎಂದು ಮೊದಲ ಸಲ ಕೇಳಿದಳು. ಅವ್ವ ಹೇಳಿದಳು. ಮರುದಿನ ಗೋಡೆಯ ಮೇಲೆ ಶೇಂಗಾ ಉಂಡಿಯ ಬಟ್ಟಲು ಬಂದು ಕೂತಿತು.

ಇಲ್ಲಿಗೆ ಮುಗಿಯಿತು ಎಂದು ನಾನು ನೆಮ್ಮದಿಯಾಗಿದ್ದೆ. ಮೊನ್ನೆ ಮಾವಶಿಯ ಮೊಣಕಾಲು ತೋರಿಸಲು ಮೂವರೂ ಬೆಳಗಾವಿಗೆ ಹೊರಟು ಅದೇ ಕ್ರಾಸಿನಲ್ಲಿ ನಿಂತೆವು. ಬಸ್ಸು ಬಂತು. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಬಸ್ಸು ಧೂಳೆಬ್ಬಿಸಿ ಹೋಯಿತು. ಮಾವಶಿಯ ಒಂದು ಕೈಯಲ್ಲಿ ಕೋಲು, ಇನ್ನೊಂದು ನನ್ನ ಹೆಗಲ ಮೇಲೆ.

“ಯವ್ವಾ, ಕೈ ಮಾಡಬಾರದೇನ?” ಎಂದೆ ಸಿಟ್ಟಿನಿಂದ.

“ನೀನ ಮಾಡು” ಎಂದಳು.

ಮುಂದಿನ ಬಸ್ಸು ತಿರುವಿನಲ್ಲಿ ಕಂಡಿತು. ನಾನು ಕೈ ಎತ್ತಿ ಕೂಗಲು ಬಾಯಿ ತೆರೆದೆ. ಅವ್ವ ರಸ್ತೆಯ ಆಚೆ ಈಚೆ ನೋಡಿ ನನ್ನ ರಟ್ಟೆ ಜಗ್ಗಿದಳು.

“ಎತ್ತು. ಬಾಯಿ ಮಾತ್ರ ಮುಚ್ಕೊಂಡು ಎತ್ತು.”

ಮುಚ್ಚಿಕೊಂಡೇ ಎತ್ತಿದೆ. ಆ ಬಸ್ಸೂ ನಿಲ್ಲಲಿಲ್ಲ.